ಮೂರು ರಾತ್ರಿಗೆ ಒಂದು ಚೀಲ

ಲಿನ್‌ಸ್ಟೆಡ್, ಜಮೈಕಾ
9 ಜನವರಿ 1994

ಅಮ್ಮನಿಗೆ,

ನಿಮ್ಮ ಕ್ರಿಸ್‌ಮಸ್ ಕಾರ್ಡು ಹಬ್ಬ ಮುಗಿದ ಮೇಲೆ ತಲುಪಿತು. ಅದನ್ನು ಕೆಜಿಯಾಳ ತೊಟ್ಟಿಲ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಹಿಮದ ಕೊಂಬೆಯ ಮೇಲೆ ಕೂತ ಆ ಕೆಂಪು ಹಕ್ಕಿಯನ್ನು ಕಂಡರೆ ನಿಮ್ಮ ಮೊಮ್ಮಗಳು ಕೈಕಾಲು ಬಡಿಯುತ್ತಾಳೆ. ಐದು ತಿಂಗಳಾಯಿತು ಅವಳಿಗೆ.

ಕಾರ್ಡಿನ ಹಿಂದೆ ನೀವು ಬರೆದದ್ದನ್ನು ಎವರ್ಟನ್‌ಗೆ ಓದಿ ಹೇಳಿದೆ. ಈಸ್ಟರ್ ಮುಗಿದ ವಾರ ಬರುತ್ತೀರಿ, ಪೋರ್ಟ್ ಆಂಟೋನಿಯೊದಲ್ಲಿ ಸಮುದ್ರದ ಬಳಿಯ ಒಂದು ಹೋಟೆಲಿನಲ್ಲಿ ಮೂರು ರಾತ್ರಿಗೆ ಕೋಣೆ ಹಿಡಿದಿದ್ದೀರಿ, ನಾನೂ ಮಗುವೂ ಅಲ್ಲಿಗೇ ಬರಬೇಕು. ಇನ್ನೊಂದು ಸಲ ಓದು ಅಂದ. ಓದಿದೆ. "ನಿಮ್ಮಮ್ಮ ಈ ಸಲ ನಿಜವಾಗ್ಲೂ ಬರ್ತಾರೆ ಕಣೇ. ಹೋಟೆಲ್‌ಗೆ ಮುಂಗಡ ಕೊಟ್ಟೋರು ಬರದೇ ಇರ್ತಾರಾ?" ಅಂದ. ನಮ್ಮ ಮದುವೆಗೆ ಬರುತ್ತೇನೆಂದು ನೀವು ಬರೆದಿದ್ದ ಪತ್ರ ಅವನಿಗೂ ನೆನಪಿದೆ. ಅಜ್ಜಿ ತೀರಿಕೊಂಡಾಗಿನದೂ ನೆನಪಿದೆ.

ಮನೆಯಲ್ಲೇ ಜಾಗವಿದೆ, ಅಜ್ಜಿಯ ಕೋಣೆ ಹಾಗೇ ಇದೆ ಎಂದು ಬರೆಯಲು ಹೊರಟಿದ್ದೆ. ಬೇಡ ಬಿಡಿ. ನಿಮಗೆ ಹೋಟೆಲೇ ಸರಿ ಅನ್ನಿಸಿರಬೇಕು.

ನಾನು ಹುಟ್ಟಿದಾಗಿನಿಂದ ಒಂದು ಹೋಟೆಲಿನಲ್ಲೂ ಮಲಗಿದವಳಲ್ಲ. ಅಲ್ಲಿಗೆ ಏನು ತೆಗೆದುಕೊಂಡು ಹೋಗಬೇಕು? ಟವೆಲು ಅವರೇ ಕೊಡುತ್ತಾರೆಯೇ? ಮಗುವಿನ ಗಂಜಿ ಕಾಯಿಸಲು ಒಲೆ ಸಿಗುತ್ತದೆಯೇ? ಸೊಳ್ಳೆಪರದೆ ತರಲೇ? ಅಲ್ಲಿ ಜ್ವರ ಬಂದರೆ? ಎಂಟು ವರ್ಷ ಶಾಲೆಯ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವಳು, ನನ್ನ ಮಗು ಸೀನಿದರೆ ನನಗೆ ತಿಳಿದದ್ದೆಲ್ಲ ಮರೆತುಹೋಗುತ್ತದೆ. ಈಗೀಗ ನಿದ್ದೆಯೂ ಇಲ್ಲ. ಅವಳು ಮಲಗುತ್ತಾಳೆ, ನಾನು ಅವಳ ಉಸಿರು ಕೇಳುತ್ತ ಕೂರುತ್ತೇನೆ.

ಬೇಗ ಬರೆಯಿರಿ.

ನಿಮ್ಮ ಮಗಳು,
ಲೋರ್ನಾ

*

ಟೊರಾಂಟೊ
30 ಜನವರಿ 1994

ನನ್ನ ಕಂದ ಲೋರ್ನಾ,

ನಿನ್ನ ಕಾಗದ ಬಂತು. ನಾನು ನಿನ್ನ ಹಾಗೆ ಓದಿದೋಳಲ್ಲ, ಬಾಯಲ್ಲಿ ಬಂದ ಹಾಗೆ ಬರೀತೀನಿ, ನಗಬೇಡ.

ಹೋಟೆಲಿಗೆ ಏನು ತರಬೇಕು ಅಂತ ಕೇಳಿದೀಯ. ಸರಿಯಾದೋಳನ್ನೇ ಕೇಳಿದೆ ಬಿಡು. ಜನರ ಮಕ್ಕಳನ್ನ ಸಾಕೋದು ಮುಗಿದ ಮೇಲೆ ಈಗ ಹೋಟೆಲಿನಲ್ಲೇ ತಾನೇ ನನ್ನ ಕೆಲಸ? ಬೆಳಗಾದ್ರೆ ಯಾರ್ಯಾರೋ ಮಲಗೆದ್ದ ಹಾಸಿಗೆ ಹಾಸ್ತೀನಿ. ಬೇರೆ ಯಾರೋ ಹಾಸಿಕೊಟ್ಟ ಹಾಸಿಗೇಲಿ ಒಂದು ಸಲವಾದ್ರೂ ಮಲಗಬೇಕು ಅಂತ ನನಗಾಸೆ. ಅದಕ್ಕೇ ಹೋಟೆಲು. ಬೇರೆ ಏನೂ ಅಂದ್ಕೋಬೇಡ.

ಜನ ಎರಡು ದಿನಕ್ಕೆ ಬರ್ತಾರೆ, ಪೆಟ್ಟಿಗೆ ಮಾತ್ರ ತಿಂಗಳಿಗೆ ಆಗೋ ಅಷ್ಟು. ನಾನು ಕೋಣೆ ಗುಡಿಸೋವಾಗ ನೋಡ್ತೀನಲ್ಲ, ಅರ್ಧ ಬಟ್ಟೆ ಮಡಿಕೆ ಕೂಡ ಬಿಚ್ಚಿರಲ್ಲ. ಹಾಗೆ ಮಾಡಬೇಡ. ಹಾಕ್ಕೊಂಡು ಬಂದದ್ದು ಒಂದು, ಚೀಲದಲ್ಲಿ ಎರಡು, ಈಜೋ ಬಟ್ಟೆ ಒಂದು. ಚಪ್ಪಲಿ ಕಾಲಲ್ಲಿರೋದೇ ಸಾಕು. ಬಟ್ಟೆ ಮಡಚಬೇಡ, ಸುರುಳಿ ಸುತ್ತು, ಜಾಗ ಉಳಿಯುತ್ತೆ, ಸುಕ್ಕೂ ಬೀಳಲ್ಲ. ಟವೆಲು ಸೋಪು ಅವರೇ ಇಡ್ತಾರೆ. ಮಗೂಗೆ ಮಾತ್ರ ಲಂಗೋಟಿ ಜಾಸ್ತಿ ಇರಲಿ, ಒದ್ದೆದು ಹಾಕಕ್ಕೆ ಒಂದು ಪ್ಲಾಸ್ಟಿಕ್ ಚೀಲ, ಗ್ರೈಪ್ ವಾಟರು, ಒಂದು ಫ್ಲಾಸ್ಕು. ಬಿಸಿನೀರು ಅಡುಗೆಮನೆಯೋರು ಕೊಡ್ತಾರೆ, ನಗುನಗ್ತಾ ಕೇಳಬೇಕು ಅಷ್ಟೆ. ಜ್ವರ ಬಂದ್ರೆ ಅನ್ನೋದಕ್ಕೊಂದು, ಮಳೆ ಬಂದ್ರೆ ಅನ್ನೋದಕ್ಕೊಂದು, ಹಾಗೆ ಭಯಕ್ಕೆಲ್ಲ ಒಂದೊಂದು ಸಾಮಾನು ಇಡ್ತಾ ಹೋದ್ರೆ ಹಡಗೇ ಬೇಕಾಗುತ್ತೆ.

ಇನ್ನೊಂದು ಮಾತು. ಹೊರಡೋವಾಗ ಬಾತ್‌ರೂಮಿನ ಬಾಗಿಲ ಹಿಂದೆ ನೋಡು. ಎಲ್ಲರೂ ನೈಟಿ ಅಲ್ಲೇ ಮರೀತಾರೆ. ಬಾಗಿಲು ತೆಗೆದಿಟ್ಟಿರ್ತಾರಾ, ಮೊಳೆ ಕಾಣಲ್ಲ. ನಮ್ಮಲ್ಲಿ ಅಂಥಾ ನೈಟಿ ಒಂದು ಡಬ್ಬ ತುಂಬ ಇದೆ, ಯಾರೂ ಹುಡುಕ್ಕೊಂಡು ಬರಲ್ಲ.

ಕೆಜಿಯಾ ಪಾದ ಕಾಗದದ ಮೇಲಿಟ್ಟು ಸುತ್ತ ಗೆರೆ ಬರೆದು ಕಳಿಸು, ಬೂಟು ತರ್ತೀನಿ.

ನಿನ್ನ ಅಮ್ಮ,
ಮರ್ಟಲ್

*

ಲಿನ್‌ಸ್ಟೆಡ್
16 ಫೆಬ್ರವರಿ 1994

ಅಮ್ಮನಿಗೆ,

ಇದರ ಜೊತೆ ಕಂದು ಕಾಗದವಿದೆ. ಕೆಜಿಯಾಳ ಬಲಗಾಲು. ಎಡಗಾಲು ಬರೆಯಲು ಬಿಡಲಿಲ್ಲ, ಪೆನ್ಸಿಲನ್ನೇ ಬೆರಳುಗಳಲ್ಲಿ ಹಿಡಿದುಬಿಟ್ಟಳು.

ಬರೆಯುತ್ತ ಬರೆಯುತ್ತ ಒಂದು ನೆನಪಾಯಿತು. ಅಜ್ಜಿ ನನ್ನನ್ನು ಇದೇ ಥರದ ಕಾಗದದ ಮೇಲೆ ನಿಲ್ಲಿಸಿ, "ಅಲ್ಲಾಡ್ಬೇಡ ಕಣೇ, ನಿಮ್ಮಮ್ಮಂಗೆ ಸೊಟ್ಟ ಕಾಲು ಹೋಗುತ್ತೆ" ಎಂದು ಗದರುತ್ತಿದ್ದಳು. ಕಾಗದ ನಿಮ್ಮನ್ನು ತಲುಪಿ, ನೀವು ಬೂಟು ಕೊಂಡು, ಪೀಪಾಯಿ ತುಂಬಿ ಹಡಗಿಗೆ ಹಾಕಿ, ಅದು ಕಿಂಗ್‌ಸ್ಟನ್ ಬಂದರಿನಿಂದ ನಮ್ಮ ಅಂಗಳಕ್ಕೆ ಉರುಳಿ ಬರುವಷ್ಟರಲ್ಲಿ ನನ್ನ ಕಾಲು ಬೆಳೆದಿರುತ್ತಿತ್ತು. ಹೊಸ ಬೂಟು ಪಕ್ಕದ ಮನೆಯ ಹುಡುಗಿಗೆ. ಆಮೇಲೆ ನಾನೊಂದು ಉಪಾಯ ಕಲಿತೆ: ಪೆನ್ಸಿಲನ್ನು ಹೊರಕ್ಕೆ ಓರೆಯಾಗಿ ಹಿಡಿದರೆ ಪಾದ ದೊಡ್ಡದಾಗುತ್ತದೆ. ಅಲ್ಲಿಂದ ಮುಂದೆ ಬೂಟುಗಳು ದೊಡ್ಡದಾಗಿಯೇ ಬಂದವು. ಹತ್ತಿ ತುರುಕಿಕೊಂಡು ನಡೆದೆ. ನನಗೆ ದೊಡ್ಡ ಕಾಲು ಎಂದೇ ನೀವು ಇಷ್ಟು ವರ್ಷ ನಂಬಿದ್ದೀರೇನೋ.

ಆ ಪೀಪಾಯಿಗಳನ್ನು ಬಿಚ್ಚುವುದು ನನ್ನ ಕೆಲಸವಾಗಿತ್ತು. ಬೂಟಿನೊಳಗೆ ಸಾಕ್ಸು, ಸಾಕ್ಸಿನೊಳಗೆ ಸೋಪು, ಡಬ್ಬಗಳ ಸಂದಿಯಲ್ಲಿ ಅಕ್ಕಿಯ ಪೊಟ್ಟಣ. ನಿಮ್ಮ ಕೈ ನನಗೆ ಗೊತ್ತಿರುವುದು ಹೀಗೆ, ಎಲ್ಲಿಯೂ ಒಂದು ಬೆರಳು ಜಾಗವನ್ನೂ ಖಾಲಿ ಬಿಡದ ಕೈ.

ನೀವು ಹೇಳಿದ ಹಾಗೆ ಸುರುಳಿ ಸುತ್ತಿ ನೋಡಿದೆ. ಹಾಸಿಗೆಯ ಮೇಲೆ ಎಲ್ಲ ಹರಡಿಕೊಂಡು ಅಭ್ಯಾಸ ಮಾಡುತ್ತಿದ್ದಾಗ ಎವರ್ಟನ್ ಬೇಕರಿಯಿಂದ ಬಂದ. ಸೊಳ್ಳೆಪರದೆ, ಸ್ಟವ್ವು, ಪಾತ್ರೆ, ಎರಡು ಥರ್ಮಾಮೀಟರು ನೋಡಿ, "ಟೀಚರಮ್ಮ, ಹೋಟೆಲ್‌ಗೆ ಹೋಗ್ತಿದೀಯೋ, ನನ್ನ ಬಿಟ್ಟು ಹೋಗ್ತಿದೀಯೋ? ಬಾಗಿಲಾದ್ರೂ ಬಿಟ್ಟು ಹೋಗು ಮಾರಾಯ್ತಿ" ಅಂದ.

"ಬಿಟ್ಟು ಹೋಗೋರು ಇಷ್ಟೆಲ್ಲ ತಗೊಂಡು ಹೋಗಲ್ಲ" ಅಂದೆ.

ಅವನ ನಗು ನಿಂತುಹೋಯಿತು. ನನಗೂ ಯಾಕೆ ಹಾಗಂದೆನೋ ಎನಿಸಿತು. ಆಮೇಲೆ ಪಕ್ಕದ ಮನೆಯ ಮಿಸ್ ಐವಿ ಬಂದು ಅಳತೆ ಟೇಪೊಂದನ್ನು ಚೀಲಕ್ಕೆ ಹಾಕಿದಳು. "ಮಗು ತಲೆ ಹತ್ರ ಇಡು. ಹೊಸ ಜಾಗ, ಎಂಥೆಂಥಾ ದೆವ್ವ ಇರುತ್ತೋ. ದೆವ್ವಕ್ಕೆ ಲೆಕ್ಕ ಬರಲ್ಲ, ಅಳೀತಾ ಅಳೀತಾ ಬೆಳಗಾಗೋಗುತ್ತೆ." ನಾನು ಓದಿದವಳು, ನಂಬುವುದಿಲ್ಲ. ತೆಗೆದಿಡಲೂ ಇಲ್ಲ.

ಒಂದು ಪ್ರಶ್ನೆ. ನೀವು ವಾಪಸು ಹೊರಡುವ ಭಾನುವಾರ ಹೋಟೆಲಿನಿಂದ ಎಷ್ಟು ಹೊತ್ತಿಗೆ ಹೊರಡುತ್ತೀರಿ? ಮಗುವಿನ ಹಾಲು ಹೊಂದಿಸಿಕೊಳ್ಳಲು ಕೇಳಿದೆ, ಅಷ್ಟೆ.

ಲೋರ್ನಾ

*

ಟೊರಾಂಟೊ
3 ಮಾರ್ಚ್ 1994

ಲೋರ್ನಾ ಕಂದ,

ಇವತ್ತು ಎರಡು ಪಾಳಿ ಕೆಲಸ, ಬಸ್ಸಿನಲ್ಲಿ ಕೂತು ಬರೀತಿದೀನಿ. ಪಾದ ಬಂತು. ಅದನ್ನ ಕನ್ನಡಿಗೆ ಸಿಕ್ಕಿಸಿದೀನಿ. ನೀನು ಸ್ಟವ್ವು ಪಾತ್ರೆ ಎಲ್ಲ ವಾಪಸು ಇಡು.

ಭಾನುವಾರ ಕೋಳಿ ಕೂಗೋ ಹೊತ್ತಿಗೇ ಕಾರು ಬರುತ್ತೆ, ವಿಮಾನ ಹಿಡಿಯೋಕೆ ಕಿಂಗ್‌ಸ್ಟನ್‌ಗೆ ಬೆಟ್ಟದ ದಾರಿ ನೋಡು. ನೀನೇನೂ ಏಳಬೇಡ. ನಾನು ಸದ್ದಾಗದ ಹಾಗೆ ಹೊರಟುಬಿಡ್ತೀನಿ. ನಿದ್ದೆ ಇಲ್ಲ ಅಂತೀಯಲ್ಲ, ನೀನೂ ಮಗೂನೂ ಕಣ್ತುಂಬ ಮಲಗಿ. ಹೋಟೆಲಿನೋರು ಮಧ್ಯಾಹ್ನದ ತನಕ ಏನೂ ಅನ್ನಲ್ಲ.

ಅಮ್ಮ

*

ಲಿನ್‌ಸ್ಟೆಡ್
14 ಮಾರ್ಚ್ 1994

ಅಮ್ಮನಿಗೆ,

ನಾನು ಬರುವುದಿಲ್ಲ.

ಕಾರಣ ಬರೆಯದೆ ಬಿಡೋಣವೆಂದು ಮೂರು ಕಾಗದ ಹರಿದೆ. ಆದರೆ ನಿಮಗೆ ಗೊತ್ತಿರಬೇಕು.

ನನಗೆ ಏಳು ವರ್ಷ. ನೀವು ಒಂದು ಸಣ್ಣ ಚೀಲ ತುಂಬಿಕೊಳ್ಳುತ್ತಿದ್ದಿರಿ. ಎಲ್ಲಿಗೆ ಎಂದು ಕೇಳಿದೆ. "ಕಿಂಗ್‌ಸ್ಟನ್‌ಗೆ, ಎರಡು ದಿನ" ಅಂದಿರಿ. ಚೀಲ ನೋಡಿದರೆ ಎರಡು ದಿನಕ್ಕೇ ಸರಿಯಾಗಿತ್ತು. ನಂಬಿದೆ. ನಿಮ್ಮ ಪಕ್ಕದಲ್ಲಿ, ನಿಮ್ಮ ಬೆನ್ನಿಗೆ ಕೈ ಹಾಕಿ ಮಲಗಿದೆ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಎಚ್ಚರವಾಯಿತು. ಕೈ ಇನ್ನೂ ನಿಮ್ಮ ಬೆನ್ನ ಮೇಲೇ ಇತ್ತು. ಅದೇ ನೈಟಿ, ನೀವು ತಲೆನೋವಿಗೆ ಹಣೆಗೆ ಹಚ್ಚುತ್ತಿದ್ದ ಬೇ ರಮ್ಮಿನ ಅದೇ ವಾಸನೆ. "ಅಮ್ಮಾ" ಎಂದು ಎಳೆದಾಗ ಅದು ಅಜ್ಜಿಯ ಉದ್ದ ದಿಂಬು. ನಿಮ್ಮ ನೈಟಿಯನ್ನು ಅದಕ್ಕೆ ಸುತ್ತಿ, ಸಂದಿಯಿಲ್ಲದ ಹಾಗೆ ನನ್ನ ಪಕ್ಕಕ್ಕೆ ಒತ್ತಿ ಇಟ್ಟಿದ್ದಿರಿ. ನೀವು ತುಂಬಿದ ಮೊದಲ ಪೀಪಾಯಿ ನನ್ನ ಹಾಸಿಗೆ.

ಅದಾಗಿ ಇಪ್ಪತ್ತು ವರ್ಷ ದಾಟಿತು. ನಾನು ಮಲಗಿದ್ದಾಗ ಪ್ರಪಂಚ ಏನು ಬೇಕಾದರೂ ಮಾಡುತ್ತದೆ ಎಂದು ಅವತ್ತು ತಿಳಿಯಿತು. ಮಗು ಹುಟ್ಟಿದ ಮೇಲೆ ಆ ಭಯ ಜಾಸ್ತಿಯಾಗಿದೆ. ಡಾಕ್ಟರು ನಿದ್ದೆ ಮಾತ್ರೆ ಬರೆದುಕೊಟ್ಟರು. ಹಾಲೂಡಿಸುವವಳು ಎಂದು ನಾನೇ ನುಂಗಲಿಲ್ಲ.

ಈಗ ನೀವೇ ಬರೆದಿದ್ದೀರಿ, ಸದ್ದಾಗದ ಹಾಗೆ ಹೊರಟುಬಿಡುತ್ತೇನೆ ಎಂದು. ಮತ್ತೊಮ್ಮೆ ನನ್ನಿಂದ ಆಗುವುದಿಲ್ಲ. ಕೋಣೆ ನಿಮಗೇ ಇರಲಿ. ಚೆನ್ನಾಗಿ ಮಲಗಿ.

ಲೋರ್ನಾ

*

ಟೊರಾಂಟೊ
25 ಮಾರ್ಚ್ 1994

ಲೋರ್ನಾ,

ನಿನ್ನ ಕಾಗದ ಓದಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ.

ಅವತ್ತು ನಿಮ್ಮಜ್ಜಿ ಅಂದ್ಲು, "ಮಗು ಮಲಗಿದ್ದಾಗಲೇ ಹೋಗು ಮರ್ಟಲ್, ಎದ್ರೆ ನಿನ್ನ ಕೈಲಿ ಹೋಗಕ್ಕಾಗಲ್ಲ." ನಿಜವೇ ಅಂದ್ಲು. ಕಾರಿನೋನು ಎರಡು ಸಲ ಹಾರನ್ ಮಾಡಿದ, ನಾನು ಹಾಸಿಗೆ ಅಂಚಲ್ಲಿ ಮಲಗೇ ಇದ್ದೆ. ನಿನ್ನ ಕೈ ನನ್ನ ಬೆನ್ನ ಮೇಲಿತ್ತು. ಅದನ್ನ ಕೆಳಗೆ ಇಡಕ್ಕೆ ನನಗೆ ಆಗಲಿಲ್ಲ ಕಣೆ. ಯಾವುದರ ಮೇಲಾದ್ರೂ ಇಡಬೇಕಲ್ಲ ಅಂತ ದಿಂಬು ಎಳ್ಕೊಂಡೆ. ನಿನಗೆ ಮೋಸ ಮಾಡಕ್ಕೆ ಅಲ್ಲ. ಮೋಸವೇ ಆಯ್ತು, ಇಲ್ಲ ಅನ್ನಲ್ಲ. ಎರಡು ದಿನ ಅಂದದ್ದೂ ಸುಳ್ಳೇ.

ಇಲ್ಲಿ ಮೊದಲನೇ ಮನೇಲಿ ಎರಡು ಮಕ್ಕಳನ್ನ ನೋಡ್ಕೋತಿದ್ದೆ. ಅವರಮ್ಮ ಬೆಳಿಗ್ಗೆ ಹೊರಡೋವಾಗ ಮಕ್ಕಳನ್ನ ಕರೆದು, "ನಾನು ಹೋಗ್ತಿದೀನಿ" ಅಂತ ಹೇಳಿ, ಮುತ್ತು ಕೊಟ್ಟು ಹೋಗೋಳು. ಮಕ್ಕಳು ಗೊಳೋ ಅಂತ ಅಳೋವು. ಇವಳಿಗೇನು ಬುದ್ಧಿ ಇಲ್ವಾ, ಕದ್ದು ಹೋಗಬಾರ್ದಾ ಅಂತ ಬೈಕೋತಿದ್ದೆ. ನಾನು ಎತ್ತಿಕೊಂಡು ಕಿಟಕಿ ಹತ್ರ ನಿಲ್ತಿದ್ದೆ. ಎರಡು ನಿಮಿಷ, ಅಷ್ಟೆ, ಅಳು ನಿಂತೋಗೋದು. ಆಮೇಲೆ ಆಟ. ದಿನಾ ಹಾಗೇ. ಅಳು ನಿಲ್ಲುತ್ತೆ ಅಂತ ನನಗೆ ಯಾರೂ ಹೇಳಿರಲಿಲ್ಲ ಲೋರ್ನಾ. ಬೇರೆಯವರ ಮಕ್ಕಳನ್ನ ಎತ್ತಿಕೊಂಡು ಕಲ್ತೆ. ಕಲಿಯೋ ಹೊತ್ತಿಗೆ ನೀನು ದೂರ ಇದ್ದೆ.

ಇಲ್ಲಿ ಉಳಿಯೋ ಕಾಗದಪತ್ರ ಸರಿಯಾಗೋಕೆ ಎಷ್ಟು ವರ್ಷ ಹಿಡೀತು ನಿನಗೆ ಗೊತ್ತು. ಆದಮೇಲೂ ಎರಡು ಸಲ ಟಿಕೆಟು ಮಾಡಿಸಿ ಬರಲಿಲ್ಲ. ರಜೆ ಸಿಗಲಿಲ್ಲ ಅಂತ ಬರೆದೆ. ರಜೆ ಸಿಕ್ಕಿತ್ತು. ಆ ಮನೆಗೆ ಬಂದ್ರೆ ಮತ್ತೆ ಅದೇ ಬಾಗಿಲಿಂದ ಹೊರಡಬೇಕಲ್ಲ. ಅದಕ್ಕೇ ಹೋಟೆಲು. ಹೋಟೆಲಿಂದ ಎಲ್ಲರೂ ಹೊರಡ್ತಾರೆ, ಯಾರೂ ಬೇಜಾರು ಮಾಡ್ಕೊಳಲ್ಲ ಅಂತ ಅಂದ್ಕೊಂಡೆ.

ನಾನು ಬರ್ತೀನಿ. ಕೋಣೆ ಇಬ್ಬರಿಗೆ ಅಂತಲೇ ಹಿಡಿದಿರೋದು. ನೀನು ಬಂದ್ರೆ, ಹೊರಡೋವಾಗ ನಿನ್ನನ್ನ ಎಬ್ಬಿಸ್ತೀನಿ. ಬರದೇ ಇದ್ರೆ ವರಾಂಡದಲ್ಲಿ ಕೂತು ಸಮುದ್ರ ನೋಡ್ತೀನಿ.

ಅಮ್ಮ

*

ಲಿನ್‌ಸ್ಟೆಡ್
2 ಏಪ್ರಿಲ್ 1994

(ಪೋರ್ಟ್ ಆಂಟೋನಿಯೊದ ಹೋಟೆಲಿಗೆ, ಮರ್ಟಲ್ ಅವರು ಬಂದ ಕೂಡಲೇ ಕೊಡಬೇಕು)

ಅಮ್ಮನಿಗೆ,

ಗುರುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇವೆ. ಬೇಕರಿಯ ಈಸ್ಟರ್ ಗಲಾಟೆಯಲ್ಲಿ ಎವರ್ಟನ್ ನಿದ್ದೆಗೆಟ್ಟಿದ್ದಾನೆ, ಅವನು ಬರುವುದಿಲ್ಲ. ನಿಮಗೆಂದು ಒಂದು ದೊಡ್ಡ ಈಸ್ಟರ್ ಬನ್ನು ಕಳಿಸುತ್ತಿದ್ದಾನೆ, ಜೊತೆಗೆ ತಿನ್ನುವ ಚೀಸು ಅಲ್ಲೇ ಕೊಳ್ಳೋಣ.

ಒಂದೇ ಚೀಲ. ಸ್ಟವ್ವು ಇಲ್ಲ, ಪಾತ್ರೆ ಇಲ್ಲ. ನೀವು ಬೇಡವೆನ್ನುವಂಥ ಒಂದು ವಸ್ತು ಮಾತ್ರ ಇಟ್ಟಿದ್ದೇನೆ. ಅಳತೆ ಟೇಪೂ ಇದೆ, ಅದು ಮಿಸ್ ಐವಿಯದು.

ಲೋರ್ನಾ

*

ಲಿನ್‌ಸ್ಟೆಡ್
17 ಏಪ್ರಿಲ್ 1994

ಅಮ್ಮಾ,

ನೀನು ಕ್ಷೇಮವಾಗಿ ತಲುಪಿ, ಮತ್ತೆ ಹಾಸಿಗೆ ಹಾಸುವ ಕೆಲಸ ಹಿಡಿದಿರುತ್ತೀಯ. ಆ ಮೂರು ದಿನವನ್ನು ಎಲ್ಲರಿಗೂ ಹೇಳಿ ಮುಗಿಸಿದೆ. ನಿನಗೇ ಹೇಳಲಿಲ್ಲ, ಈಗ ಹೇಳುತ್ತೇನೆ.

ಬಸ್ಸಿಳಿದು ಹೋಟೆಲಿನ ಮೆಟ್ಟಿಲು ಹತ್ತಿದೆ. ವರಾಂಡದಲ್ಲಿ ಒಬ್ಬ ದಪ್ಪ ಹೆಂಗಸು ಎದ್ದು ನಿಂತಳು. ಫೋಟೋದಲ್ಲಿ ನೀನು ಇಷ್ಟು ಗಿಡ್ಡ ಇರಲಿಲ್ಲ. ನೀನು ನನ್ನ ಮುಖ ನೋಡಲಿಲ್ಲ, ಮೊದಲು ನನ್ನ ಪಾದ ನೋಡಿದೆ.

"ಅಯ್ಯೋ, ಇಷ್ಟೇ ಇಷ್ಟು ಕಾಲಾ ನಿಂದು! ಆ ಓರೆ ಪೆನ್ಸಿಲ್ ಹಿಡಿದು ನನ್ನ ಕೈಲಿ ಎಂಥೆಂಥಾ ಬೂಟು ಕೊಳ್ಳಿಸಿದೆಯಲ್ಲೇ, ಕಳ್ಳಿ!"

ಇಪ್ಪತ್ತು ವರ್ಷ ನಾನು ಎಷ್ಟೋ ಬಗೆಯ ಮೊದಲ ಮಾತು ಊಹಿಸಿಕೊಂಡಿದ್ದೆ. ಬೈಗುಳ ಊಹಿಸಿರಲಿಲ್ಲ. ನಗು ಬಂದುಬಿಟ್ಟಿತು. ಆ ನಗುವಿನಲ್ಲೇ ನೀನು ಕೆಜಿಯಾಳನ್ನು ನನ್ನ ಕೈಯಿಂದ ತೆಗೆದುಕೊಂಡದ್ದು ನನಗೆ ಗೊತ್ತೇ ಆಗಲಿಲ್ಲ.

ನಿನ್ನ ಪೆಟ್ಟಿಗೆಯ ವಿಷಯ ಹೇಳಿದರೆ ಎವರ್ಟನ್ ಇವತ್ತಿಗೂ ಹೊಟ್ಟೆ ಹಿಡಿದುಕೊಳ್ಳುತ್ತಾನೆ. ಹಾಕ್ಕೊಂಡದ್ದು ಒಂದು, ಚೀಲದಲ್ಲಿ ಎರಡು ಎಂದು ನನಗೆ ಪಾಠ ಹೇಳಿದವಳು, ಇಬ್ಬರು ಹೊರುವಂಥ ಪೆಟ್ಟಿಗೆ ತಂದಿದ್ದೆ! ಕೆಜಿಯಾಳಿಗೆ ಒಂಬತ್ತು ತಿಂಗಳ ಬೂಟು, ವರ್ಷದ ಬೂಟು, ಎರಡು ವರ್ಷದ್ದು, ಹಾಗೆ ಶಾಲೆಗೆ ಹೋಗುವ ಕಪ್ಪು ಬೂಟಿನವರೆಗೆ ಸಾಲಾಗಿ ಜೋಡಿಸಿದೆ. "ಹಡಗು ತಡವಾಗುತ್ತೆ, ಈ ಸಲ ಮೊದಲೇ ತಂದೆ" ಅಂದೆ. ಕೊನೆಯ ಜೋಡಿ ಏಳು ವರ್ಷದ್ದು. ಅದನ್ನು ಎತ್ತಿಕೊಂಡು, ಒಳಗೆ ಕೈ ತೂರಿಸಿ ನೋಡಿದೆ ನಾನು.

ಇಷ್ಟೆಲ್ಲ ತುಂಬಿದವಳು ನಿನ್ನ ನೈಟಿಯನ್ನೇ ಮರೆತು ಬಂದಿದ್ದೆ.

ನಾನು ಇಟ್ಟಿದ್ದ ಆ ಒಂದು ವಸ್ತುವನ್ನು ತೆಗೆದೆ. ಅಜ್ಜಿ ಅದನ್ನು ಕೊನೆಯವರೆಗೂ ಒಗೆದು ಮಡಚಿ ಇಟ್ಟಿದ್ದಳು. ಹೂವಿನ ಬಣ್ಣ ಮಾಸಿದೆ, ಬೇ ರಮ್ಮಿನ ವಾಸನೆ ಯಾವತ್ತೋ ಹೋಗಿದೆ. ಮುಖಕ್ಕೆ ಎಸೆಯಬೇಕೆಂದೇ ಚೀಲಕ್ಕೆ ಹಾಕಿಕೊಂಡಿದ್ದೆ, ನಿಜ ಹೇಳುತ್ತೇನೆ. ನೀನು ಅದನ್ನು ತಲೆಯ ಮೇಲಿಂದ ಎಳೆದುಕೊಂಡೆ, ಭುಜದ ಹತ್ತಿರ ಸಿಕ್ಕಿಕೊಂಡಿತು. "ಎಳಿಯೇ, ಎಳಿ, ಒಳಗೇ ಸತ್ತೋಗ್ತೀನಿ" ಎಂದು ಕೂಗಿದೆ. ನಾನು ಎಳೆದೆ. ಬದಿಯ ಹೊಲಿಗೆ ಪರ್ ಎಂದಿತು. ನೀನು ಅದರಲ್ಲೇ ಮಲಗಿದೆ, ಮೂರು ರಾತ್ರಿಯೂ.

ಮೊದಲ ಬೆಳಿಗ್ಗೆ ಕೋಣೆ ಗುಡಿಸುವ ಹುಡುಗಿ ಬರುವ ಮೊದಲೇ ನೀನು ಹಾಸಿಗೆ ಹಾಸಿ ಮುಗಿಸಿದ್ದೆ. ಅವಳು ಸೊಂಟದ ಮೇಲೆ ಕೈಯಿಟ್ಟು, "ಏನಾಂಟಿ, ನನ್ನ ಕೆಲಸ ಕಿತ್ಕೊಳ್ಳಕ್ಕೆ ಅಷ್ಟು ದೂರದಿಂದ ಬಂದ್ರಾ?" ಅಂದಳು. ಎರಡನೆಯ ದಿನ ನೀನು ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತು ನೋಡಿದೆ. ತಡೆಯಲಾಗದೆ, "ಮೂಲೆ ಒಳಗೆ ಮಡಚಮ್ಮ" ಅಂದೆ. ಅವಳು, "ಆಂಟೀ!" ಅಂದಳು. ನೀನು ಬಾಯಿ ಮುಚ್ಚಿಕೊಂಡೆ. ಆಮೇಲೆ ಬೇರೆಯವರು ಹಾಸಿಕೊಟ್ಟ ಆ ಹಾಸಿಗೆಯಲ್ಲಿ ನಿನಗಿಂತ ಮೊದಲು ನಾನು ಉರುಳಿಕೊಂಡೆ.

ಅವತ್ತು ಮಧ್ಯಾಹ್ನ ನಾನು ಮಲಗಿದ್ದು ನಿನಗೆ ದೊಡ್ಡ ವಿಷಯ ಅನ್ನಿಸಿರಲಿಕ್ಕಿಲ್ಲ. ಮಗು ಹುಟ್ಟಿದ ಮೇಲೆ ಹಾಗೆ ಮಲಗಿದ್ದು ಅದೇ ಮೊದಲು. ಎಚ್ಚರವಾದಾಗ ಕೈ ತಾನಾಗಿ ಪಕ್ಕಕ್ಕೆ ಹೋಯಿತು. ಖಾಲಿ. ಕಣ್ಣು ಬಿಟ್ಟರೆ ನೀನು ಕಿಟಕಿಯ ಹತ್ತಿರ ಕೆಜಿಯಾಳನ್ನು ಹೆಗಲಿಗೆ ಹಾಕಿಕೊಂಡು, ತಿರುಗದೆಯೇ, "ಇಲ್ಲೇ ಇದೀವಿ, ಮಲಕ್ಕೋ" ಅಂದೆ. ನಾನು ಮತ್ತೆ ಮಲಗಿದೆ.

ಶನಿವಾರ ಸಂಜೆ ನೀನು ಪೆಟ್ಟಿಗೆ ತುಂಬಲಿಲ್ಲ, ತುಂಬಲು ಏನೂ ಉಳಿದಿರಲಿಲ್ಲ. ನಾನು ಎಚ್ಚರವಾಗಿಯೇ ಇರುತ್ತೇನೆ ಎಂದು ಹಟ ಹಿಡಿದಿದ್ದೆ. ನಿದ್ದೆ ಬಂದುಬಿಟ್ಟಿತು. ಅಂಗಾಲಿನ ಮೇಲೆ ಬೆಚ್ಚಗೆ ಒಂದು ಕೈ ಬಿದ್ದಾಗ ಹೊರಗೆ ಇನ್ನೂ ನಸುಗತ್ತಲು.

"ಏಳು ಲೋರ್ನಾ. ನಾನು ಹೊರಟೆ."

ಕಾರಿನವನು ಹಾರನ್ ಮಾಡಿದ. ನೀನು ಕಿಟಕಿಯಿಂದ ತಲೆ ಹಾಕಿ, "ಎರಡು ನಿಮಿಷ ನಿಲ್ಲಪ್ಪ, ನನ್ನ ಮಗಳು ಅಳಬೇಕು" ಅಂದೆ. ಎಂಥ ಮಾತು ಅದು, ಊರಿಗೆಲ್ಲ ಕೇಳುವ ಹಾಗೆ! ಅದಕ್ಕೇ ಅಳು ಬಂತು. ಏಳು ವರ್ಷದವಳ ಹಾಗೆ, ಸಿಂಬಳ ಸುರಿಸಿಕೊಂಡು ಅತ್ತೆ. ಕೆಜಿಯಾ ಎದ್ದು, ನನ್ನ ನೋಡಿ ತಾನೂ ಶುರುಮಾಡಿದಳು. ನೀನು ಇಬ್ಬರನ್ನೂ ಒಟ್ಟಿಗೆ ಹಿಡಿದುಕೊಂಡೆ.

ಎರಡು ನಿಮಿಷಕ್ಕೆ ನಿಲ್ಲಲಿಲ್ಲ ಅಮ್ಮಾ. ನೀನು ಹೇಳಿದ್ದು ಸುಳ್ಳು. ಕಾರು ಬಂದರಿನ ತಿರುವು ದಾಟಿ ಮರೆಯಾದ ಮೇಲೂ ಅಳುತ್ತಿದ್ದೆ. ಆದರೆ ನಿಂತಿತು. ನಿಂತ ಮೇಲೆ ಹಸಿವಾಯಿತು, ಬನ್ನಿನ ಕೊನೆಯ ತುಂಡನ್ನು ತಿಂದೆ. ಆಮೇಲೆ ನಾನೂ ಮಗುವೂ ಮಧ್ಯಾಹ್ನದವರೆಗೆ ಮಲಗಿದೆವು. ಹೋಟೆಲಿನವರು ಏನೂ ಅನ್ನಲಿಲ್ಲ.

ಹೊರಡುವಾಗ, ನೀನು ಹೇಳಿಕೊಟ್ಟ ಹಾಗೆ, ಬಾತ್‌ರೂಮಿನ ಬಾಗಿಲು ಮುಚ್ಚಿ ಅದರ ಹಿಂದೆ ನೋಡಿದೆ. ಮೊಳೆ ಖಾಲಿ. ದಿಂಬಿನ ಕೆಳಗೆ, ಚೀಲದಲ್ಲಿ, ಎಲ್ಲ ಕಡೆ ಆ ನೈಟಿ ಹುಡುಕಿದೆ. ಇರಲಿಲ್ಲ. ಹುಡುಗಿಯನ್ನು ಕೇಳಿದರೆ, "ಆಂಟಿ ಬೆಳಿಗ್ಗೆ ಅದನ್ನ ಕೋಟಿನೊಳಗೆ ಸುತ್ತಿಟ್ಕೊಂಡು ಹೋದ್ರಲ್ಲ" ಅಂದಳು.

ಒಳ್ಳೆಯದಾಯಿತು. ಅದು ನಿನ್ನ ಹತ್ತಿರವೇ ಇರಲಿ. ಹರಿದ ಬದಿಗೆ ಎರಡು ಹೊಲಿಗೆ ಹಾಕು.

ಮುಂದಿನ ಸಲ ಹೋಟೆಲು ಬೇಡ. ಅಜ್ಜಿಯ ಕೋಣೆಗೆ ಸುಣ್ಣ ಹೊಡೆಸುತ್ತಿದ್ದೇನೆ, ಬಾಗಿಲ ಹಿಂದೆ ಒಂದು ಮೊಳೆಯನ್ನೂ ಹೊಡೆದಿದ್ದಾನೆ ನಿನ್ನ ಅಳಿಯ. ಹಾಸಿಗೆ ನಾನು ಹಾಸಿಕೊಡುತ್ತೇನೆ, ಮೂಲೆ ಒಳಗೆ ಮಡಚಿ. ಪೆಟ್ಟಿಗೆ ತುಂಬಬೇಡ. ನೈಟಿ ಒಂದು ತಂದರೆ ಸಾಕು.

ಹೊರಡುವಾಗ ನನ್ನನ್ನು ಎಬ್ಬಿಸು.

ನಿನ್ನ
ಲೋರ್ನಾ